ಗಂಗುಲಪ್ಪನ ಗುರುವಾರ

ಗಂಗುಲಪ್ಪ ಇಸ್ತ್ರಿ ಮಾಡಿದ ಹೊಸ ಷರ್ಟು ತೊಟ್ಟು, ತಲೆಗೆ ಟೋಪಿ ಏರಿಸಿ ಚಿಕ್ಕಬಳ್ಳಾಪುರದ ಬಸ್ಸು ಹತ್ತುವುದನ್ನು ಟೀ ಅಂಗಡಿಯ ಮರೆಯಿಂದ ಕೋನಪ್ಪ ನೋಡಿದ. ಮತ್ತೆ ಗುರುವಾರ. ಮತ್ತೆ ರಜೆ. ಉಳಿದ ಟೀಯನ್ನು ಕೋನಪ್ಪ ಮೋರಿಗೆ ಚೆಲ್ಲಿದ.

ಇಬ್ಬರೂ ಗೌರಿಬಿದನೂರಿನ ಬಟ್ಟೆ ಗಿರಣಿಗೆ ಒಂದೇ ದಿನ ಸೇರಿದವರು. ಮಗ್ಗಗಳ ನಡುವೆ ಅಕ್ಕಪಕ್ಕ ನಿಂತು ತಲೆ ನರೆಸಿಕೊಂಡವರು. ಒಂದೇ ಬೀದಿಯಲ್ಲಿ ಮನೆ. ಒಂದೇ ಸಂಬಳ, ಒಂದೇ ಪಿಎಫ್ ಕಡಿತ. ಮೂರು ದಶಕದಲ್ಲಿ ಕೋನಪ್ಪನಿಗೆ ಗೆಳೆಯನ ಮೇಲೆ ಹೊಟ್ಟೆ ಉರಿದದ್ದಿಲ್ಲ. ಉರಿಯಲು ಇಬ್ಬರ ನಡುವೆ ವ್ಯತ್ಯಾಸವೇ ಇರಲಿಲ್ಲ.

ಈಗ ಇತ್ತು. ಮಹಡಿಯ ಮೇಲೊಂದು ಕೋಣೆ ಕಟ್ಟಿಸಬೇಕೆಂದು ಕೋನಪ್ಪ ಪಿಎಫ್‌ಗೆ ಅರ್ಜಿ ಹಾಕಿದ್ದ. ಮನೆಗೆಂದು ಹಿಂದೆಯೇ ತೆಗೆದಾಗಿದೆ, ಈಗ ಮತ್ತೆ ಬರುವುದಿಲ್ಲ ಎಂದು ಅದು ವಾಪಸಾಯಿತು. ಅದೇ ಸಮಯಕ್ಕೆ ಗಂಗುಲಪ್ಪ ಕಷ್ಟವಿದೆ ಎಂದು ಹಾಕಿದ. ಹಣ ಬಂದೇಬಿಟ್ಟಿತು.

ಕಷ್ಟ! ಯಾವ ಕಷ್ಟ? ಇದ್ದೊಬ್ಬ ಮಗಳನ್ನು ಚಿಂತಾಮಣಿಗೆ ಕೊಟ್ಟು ಎಷ್ಟೋ ವರ್ಷವಾಗಿತ್ತು. ಹಣ ಬಂದ ಮೇಲೆ ಅವನು ಮಾಡಿದ್ದೇನು? ಹೆಂಡತಿ ಶ್ಯಾಮಲಮ್ಮನಿಗೆ ಬಳೆ ಮಾಡಿಸಿದ. ಮನೆಗೆ ಸುಣ್ಣ ಬಣ್ಣ ಹೊಡೆಸಿದ. ಅವಳನ್ನು ತಿರುಪತಿಗೆ ಕರೆದುಕೊಂಡು ಹೋಗಿ ಬೋಳುತಲೆಯಲ್ಲಿ ಬಂದ. ಅಂದಿನಿಂದ ಈ ಟೋಪಿ.

ಸಾಲದ್ದಕ್ಕೆ ಹೊಟ್ಟೆ ಬೇರೆ ಕರಗಿ ಹುಡುಗನ ಹಾಗಾಗಿದ್ದ. ಒಂದು ಸಂಜೆ ಕೋನಪ್ಪನ ಹೆಂಡತಿ ವೆಂಕಟರತ್ನಮ್ಮ ಅನ್ನ ಬಡಿಸುತ್ತಾ, ಗಂಗುಲಪ್ಪಣ್ಣ ಊಟದಲ್ಲಿ ಎಷ್ಟು ಕಟ್ಟುನಿಟ್ಟಾಗಿದ್ದಾರೆ ನೋಡಿ, ಬರೀ ಅಂಬಲಿಯಂತೆ, ನೀವೂ ಇದ್ದೀರಿ ಎಂದಳು. ಶ್ಯಾಮಲಮ್ಮನ ಬಳೆಯ ಮಾತನ್ನೂ ತೆಗೆದಳು. ಕೋನಪ್ಪ ಅರ್ಧ ಊಟಕ್ಕೇ ಕೈ ತೊಳೆದ.

ಮರುದಿನ ಗಿರಣಿಯ ಆಫೀಸಿಗೆ ಹೋದ. ಪಿಎಫ್ ಕೆಲಸ ನೋಡಿಕೊಳ್ಳುವ ಗುಮಾಸ್ತ ಚಲಪತಿಯನ್ನು ಅದೂ ಇದೂ ಕೇಳಿ ಕೆದಕಿದ. ಕೊನೆಗೆ ಚಲಪತಿಯ ಬಾಯಿಂದ ಒಂದು ಮಾತು ಜಾರಿತು: ಗಂಗುಲಪ್ಪ ಕಾರಣದ ಜಾಗದಲ್ಲಿ ಕಾಯಿಲೆ ಎಂದು ಹಾಕಿಸಿದ್ದ.

ಕೋನಪ್ಪನಿಗೆ ನಗು ತಡೆಯಲಾಗಲಿಲ್ಲ. ಅಷ್ಟೇನಾ? ಇದು ತನಗೆ ಹೊಳೆಯಲಿಲ್ಲವಲ್ಲ!

"ಹಂಗಾದ್ರೆ ನಂದೂ ಹಂಗೇ ಹಾಕ್ಬಿಡಿ," ಎಂದ.

ಚಲಪತಿ ತಲೆಯೆತ್ತಲಿಲ್ಲ. "ನಿಮಗೆ ಅದು ಬೇಡ ಬಿಡಿ, ಕೋನಪ್ಪನೋರೆ."

ಗಂಗುಲಪ್ಪನಿಗೆ ಸಿಕ್ಕಿದ್ದು ತನಗೆ ಬೇಡವಂತೆ. ಆಫೀಸಿನವರೂ ಅವನ ಕಡೆಯೇ. ಕೋನಪ್ಪ ಅಲ್ಲಿಂದ ನೇರ ಗಂಗುಲಪ್ಪನ ಮನೆಗೆ ನಡೆದ. ಬಣ್ಣ ಹೊಡೆಸಿದ ಗೋಡೆಗಳು ಕಣ್ಣಿಗೆ ಹೊಡೆದವು. ಜಗುಲಿಯ ಮೇಲೆ ಕೂತಿದ್ದ ಗಂಗುಲಪ್ಪ, "ಏಮಿರಾ ಕೋನಪ್ಪ, ಕೂತ್ಕೋ," ಎಂದು ಪಕ್ಕಕ್ಕೆ ಸರಿದ.

ಕೋನಪ್ಪ ಕೂರಲಿಲ್ಲ. ಒಳಗಿದ್ದ ಶ್ಯಾಮಲಮ್ಮನಿಗೆ ಕೇಳದಂತೆ ದನಿ ತಗ್ಗಿಸಿ, ಎಲ್ಲ ಗೊತ್ತಾಗಿದೆ ಎಂದ. ಗುರುವಾರ ಗುರುವಾರ ಎಲ್ಲಿಗೆ ಹೋಗುತ್ತೀಯ, ಸುಳ್ಳು ಸರ್ಟಿಫಿಕೇಟು ಬರೆದುಕೊಟ್ಟ ಆ ಡಾಕ್ಟರನ್ನು ಯಾರು ಹಿಡಿದುಕೊಟ್ಟರು, ಒಬ್ಬನೇ ತಿನ್ನುವುದು ಸ್ನೇಹವೇ ಎಂದು ಒಂದೇ ಉಸಿರಿಗೆ ಕೇಳಿದ.

ಗಂಗುಲಪ್ಪ ಬಾಗಿಲ ಕಡೆ ಒಮ್ಮೆ ನೋಡಿದ. "ಅವಳ ಹತ್ರ ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ? ನನಗೂ ಕೆಲಸ ಆಗ್ಬೇಕಲ್ಲ. ನಿನ್ನ ಹಂಗೇ ನಾನೂ ಮಜವಾಗಿರಬಾರ್ದಾ?"

"ರಿಟೈರಾದ ಮೇಲೆ ಮಾಡಣ ಅಂತಿದ್ದಿದ್ದನ್ನ ಈಗ್ಲೇ ಮಾಡ್ದೆ, ಅಷ್ಟೇ ಕಣೋ." ಗಂಗುಲಪ್ಪ ಟೋಪಿಯನ್ನು ಹಣೆಗೆ ಎಳೆದುಕೊಂಡ. ಆಮೇಲೆ ಎಂದ: "ಬರೋ ಸಲ ನನ್ನ ಜೊತೆ ಬಾ. ಎಲ್ಲಾ ತೋರಿಸ್ತೀನಿ. ನನಗೂ ಒಬ್ರು ಇದ್ರೆ ಒಳ್ಳೇದೇ."

ಮುಂದಿನ ಗುರುವಾರ ಕೋನಪ್ಪನೂ ಇಸ್ತ್ರಿ ಷರ್ಟು ತೊಟ್ಟು ಹೊರಟ. ಬಸ್ಸಿನಲ್ಲಿ ಬಾಯಿ ಮುಚ್ಚಲಿಲ್ಲ. ಮಹಡಿ ಕೋಣೆಗೆ ಯಾವ ಕಿಟಕಿ, ಯಾವ ಬಣ್ಣ, ಹೆಂಡತಿಗೆ ಎಂಥ ಬಳೆ ಎಲ್ಲ ಹೇಳಿದ. ಗಂಗುಲಪ್ಪ ಮಾಡಿಸಿದ್ದಕ್ಕಿಂತ ತುಸು ದಪ್ಪ ಬಳೆ ಎಂದು ಮನಸ್ಸಿನಲ್ಲೇ ಸೇರಿಸಿಕೊಂಡ. ಮಂಚೇನಹಳ್ಳಿ ದಾಟುವಷ್ಟರಲ್ಲಿ ಗಂಗುಲಪ್ಪ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದ. ಕೈಯಲ್ಲೊಂದು ಖಾಲಿ ಪ್ಲಾಸ್ಟಿಕ್ ಕವರು. ಬರುವಾಗ ಸ್ವೀಟು ಕಟ್ಟಿಸಿಕೊಂಡು ಬರಲಿಕ್ಕೇನೋ. ಕೋನಪ್ಪನಿಗೆ ಅದರ ಮೇಲೂ ಸಿಟ್ಟು ಬಂತು.

ಚಿಕ್ಕಬಳ್ಳಾಪುರದಲ್ಲಿ ಇಳಿದು, ಒಂದು ಖಾಸಗಿ ಆಸ್ಪತ್ರೆಯ ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಕಾವಲಿನವನು ಗಂಗುಲಪ್ಪನಿಗೆ ನಮಸ್ಕಾರ ಮಾಡಿದ. ಎದುರಾದ ಆಯಾ ನಕ್ಕಳು. ಎಲ್ಲರನ್ನೂ ಎಷ್ಟು ಚೆನ್ನಾಗಿ ಹಿಡಿದಿಟ್ಟಿದ್ದಾನೆ ಎಂದುಕೊಂಡ ಕೋನಪ್ಪ. ಡಾಕ್ಟರ ಮುಂದೆ ಯಾವ ನೋವು ಹೇಳಬೇಕು, ಬೆನ್ನೋ ಎದೆಯೋ ಎಂದು ಮೆಲ್ಲಗೆ ಕೇಳಿದ. ಗಂಗುಲಪ್ಪ ಕಂಬಿ ಹಿಡಿದು ಮಹಡಿ ಹತ್ತಿದ. ನಡುವೆ ಎರಡು ಸಲ ನಿಂತ.

ಮೇಲಿನ ಕೋಣೆಯಲ್ಲಿ ಸಾಲಾಗಿ ಒರಗು ಕುರ್ಚಿಗಳಿದ್ದವು. ಗಂಗುಲಪ್ಪ ಕಿಟಕಿ ಪಕ್ಕದ್ದಕ್ಕೆ ಹೋಗಿ, ಯಾರೂ ಹೇಳದೆಯೇ ಕೂತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ತಿರುಪತಿಗೆ ಹೋಗಿ ಬಂದು ತಿಂಗಳುಗಳೇ ಕಳೆದಿದ್ದರೂ ತಲೆಯಲ್ಲಿ ಒಂದು ಕೂದಲೂ ಚಿಗುರಿರಲಿಲ್ಲ.

ನರ್ಸು ಡ್ರಿಪ್ಪಿನ ಬಾಟಲಿ ತಂದು ತೂಗುಹಾಕಿ, ಕೋನಪ್ಪನಿಗೊಂದು ಸ್ಟೂಲು ಎಳೆದಳು: "ಅಂತೂ ಇವತ್ತು ಜೊತೆಗೊಬ್ರು ಬಂದ್ರಲ್ಲ. ಕೀಮೋ ಮುಗಿಯೋವರೆಗೂ ಕೈ ಹಿಡ್ಕೊಂಡು ಕೂತಿರಿ ಸಾರ್, ಪ್ರತಿ ಸಲ ಒಬ್ರೇ ಅಳ್ತಾ ಕೂತಿರ್ತಾರೆ."