ಕೇಳಿ ತಂದ ಕಡ್ಡಿ

ಅಜ್ಜಿಯ ಕೆಮ್ಮಿಗೆ ದಿನಾ ಎರಡು ದೊಡ್ಡಪತ್ರೆ ಎಲೆ ಬೇಕು. ಗಿಡವಿರುವುದು ಪಕ್ಕದ ಮನೆಯ ವಾರಿಜಮ್ಮನ ಹಿತ್ತಲಲ್ಲಿ. ದಿನವೂ ಅವರ ಗೇಟಿನ ಮುಂದೆ ನಿಂತು ಬಾಯಿ ತೆರೆಯುವುದೆಂದರೆ ನನಗೆ ಜ್ವರ ಬಂದಂತಾಗುತ್ತದೆ. ನಮ್ಮಲ್ಲೇ ನೆಡೋಣವೆಂದು ಮೂರು ಸಲ ಕಡ್ಡಿ ಕೇಳಿ ತಂದೆ. ಮೂರೂ ಕೊಳೆತುಹೋದವು.

"ಕೇಳಿ ತಂದದ್ದು ಎಲ್ಲಾದ್ರೂ ಚಿಗುರುತ್ತಾ ಪುಟ್ಟಿ? ನೀನು ಕೊಟ್ಟ ಪುದೀನ ನಮ್ಮಲ್ಲಿ ಒಣಗಲಿಲ್ವಾ? ಕದ್ದು ನೆಡಬೇಕು," ಎಂದರು ವಾರಿಜಮ್ಮ.

"ಯಾರ ಮನೇಲಿ ಕದೀಲಿ ಆಂಟಿ?"

"ಅದನ್ನೂ ನಾನೇ ಹೇಳಬೇಕಾ? ಮಧ್ಯಾಹ್ನ ನಾನು ಮಲಗಿರ್ತೀನಮ್ಮ."

"ಎದ್ದು ನೋಡಿಬಿಟ್ರೆ?"

"ನೋಡಿದ್ರೆ ಅದು ಕದ್ದ ಹಾಗಲ್ಲ. ಚಿಗುರಲ್ಲ."

ಮರುದಿನ ಮಧ್ಯಾಹ್ನ ಕಾಂಪೌಂಡ್ ಗೋಡೆ ಹಾರಿದೆ. ಸದ್ದಾಗದಂತೆ ಒಂದು ಕಡ್ಡಿ ಮುರಿಯಲು ಐದು ನಿಮಿಷ ಹಿಡಿಯಿತು. ನಗು ಬೇರೆ ಉಕ್ಕಿ ಬರುತ್ತಿತ್ತು. ಕಡ್ಡಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಗೋಡೆಯಾಚೆ ತಲೆ ಎತ್ತಿದೆ.

ನಮ್ಮ ಹಿತ್ತಲ ಕಡೆಯಿಂದಲೂ ಒಂದು ತಲೆ ಮೇಲೆ ಬಂತು. ವಾರಿಜಮ್ಮ. ಸೆರಗಿನ ತುಂಬ ನನ್ನ ಪುದೀನ.

"ಪುಟ್ಟಿ, ಬೇಗ ಕಣ್ಣು ಮುಚ್ಕೋ," ಎಂದರು, "ನಾನಾಗಲೇ ಮುಚ್ಕೊಂಡಿದೀನಿ."