ತಳದ ಡಾಂಬರು

ಹಿನ್ನೀರಿನ ನಟ್ಟನಡುವೆ ಯಮನಪ್ಪ ಕಾಕಾನ ಹರಿಗೋಲಿನ ತಳದಿಂದ ನೀರು ಜಿನುಗಿ ಲಕ್ಷ್ಮಪ್ಪನ ಹಿಮ್ಮಡಿ ಮುಟ್ಟಿತು. ಕಾಕಾ ಗಾಳ ಬದಿಗಿಟ್ಟು, ತಲೆಯ ರುಮಾಲು ಬಿಚ್ಚಿ ಬಿರುಕಿಗೆ ತುರುಕಿದ.

“ನೀ ಬಳದ ಡಾಂಬರ ಹಿಂಗ ಕಿತ್ತು ಬರಂಗಿಲ್ಲಲೇ. ನಾನ ಎಲ್ಲೋ ಕಲ್ಲಿಗೆ ತಿಕ್ಕಿಸೇನಿ ನೋಡು.”

ಬೇಸಿಗೆಯಲ್ಲಿ ಒಬ್ಬರ ಹರಿಗೋಲಿಗೆ ಇನ್ನೊಬ್ಬರು ಡಾಂಬರು ಬಳಿಯುವುದು ಇಬ್ಬರ ರೂಢಿ. ಈ ಸಲ ಕ್ರಿಕೆಟ್ ನೋಡುವ ಆತುರಕ್ಕೆ ಲಕ್ಷ್ಮಪ್ಪ ಒಂದೇ ಸಲ ಬಳಿದು, ಎರಡು ಸಲ ಬಳಿದೆ ಎಂದಿದ್ದ. ಈಗ ಬೊಗಸೆಯಲ್ಲಿ ನೀರು ಮೊಗೆದು ಚೆಲ್ಲುತ್ತ, ಮುಖ ಎತ್ತದೆ, “ಕಾಕಾ, ನಾ...” ಎಂದ.

“ಹೆದರಬ್ಯಾಡ, ದಂಡಿ ಮುಟ್ಟತೇವಿ,” ಎಂದ ಕಾಕಾ ಹುಟ್ಟು ಹಾಕುತ್ತ. “ನಾಳಿಂದ ನಿನ್ನ ಹರಗೋಲದಾಗ ಬರೂಣು. ಅದಕ್ಕ ನಾ ಮೂರು ಸಲ ಬಳದೇನಿ.”