ಚರ್ಮ ಹಿಡಿಯುವವನು

ಮಾರನ ಬಾಣಗಳ ನಡುವೆಯೂ ನಿಶ್ಚಲನಾಗಿ ಕುಳಿತ ಭಗವಾನ್ ಬುದ್ಧನಿಗೆ, ಆತನ ಧರ್ಮಕ್ಕೆ, ಸಂಘಕ್ಕೆ, ಅಕ್ಷರ ಕಲಿಸಿದ ಗುರುಪರಂಪರೆಗೆ ತಲೆಬಾಗಿ ಈ ಕಥೆಯನ್ನು ನಿವೇದಿಸುತ್ತೇನೆ.

ಗುರುವಾರ ಬೆಳಗ್ಗೆ ದೋಣಿ ನಡೆಸುವ ಪ್ರಯೂನ್ ಹಚ್ಚೆಯ ಮನೆಗೆ ಬಂದವನೇ, ಹೂವು ಊದುಬತ್ತಿಗಳ ತಟ್ಟೆಯನ್ನು ಗುರುಗಳಾದ ಆಚಾನ್ ಥವೀಯವರ ಮುಂದಿಟ್ಟು, ಅಂಗಿ ಬಿಚ್ಚಿ ಬೆನ್ನು ತಿರುಗಿಸಿ ಕುಳಿತ.

"ನೀವೇ ನೋಡಿ ಆಚಾನ್. ಎಡಭುಜದ ಐದು ಸಾಲು ಮಂತ್ರ ಬೇಸಿಗೇಲಿ ನೀವು ಬರೆದದ್ದು, ನೂಲು ಹಿಡಿದ ಹಾಗಿದೆ. ಕತ್ತಿನ ಕೆಳಗಿನ ಒಂಬತ್ತು ಶಿಖರದ ಹಚ್ಚೆ ಹೋದ ಗುರುವಾರದ್ದು. ಒಂದೊಂದೂ ಒಂದೊಂದು ಕಡೆಗೆ ವಾಲಿದೆ. ಕುಡುಕರು ಸಾಲಾಗಿ ನಿಂತ ಹಾಗಿದೆ ಅಂತ ನನ್ನ ಹೆಂಡ್ತಿ ನಗ್ತಾಳೆ!"

ಆಚಾನ್ ಬಹಳ ಹೊತ್ತು ನೋಡಿದರು. "ಹೋದ ವಾರ ನಾನು ಚುಚ್ಚುವಾಗ ಚರ್ಮ ಎಳೆದು ಹಿಡಿದವರು ಯಾರು?"

"ನನ್ನ ಭಾವಮೈದ. ಸಕ್ದಾ ಅಣ್ಣ ಊರಿಗೆ ಹೋಗಿದ್ರಲ್ಲ."

ಮೂಲೆಯಲ್ಲಿ ಮಸಿ ತೇಯುತ್ತಿದ್ದ ಸಕ್ದಾನ ಕೈ ನಿಂತಿತು. ಬ್ಯಾಂಕಾಕಿನ ಹಚ್ಚೆ ಅಂಗಡಿಯೊಂದರಲ್ಲಿ ಹತ್ತು ವರ್ಷ ಯಂತ್ರ ಹಿಡಿದು, ಪ್ರವಾಸಿಗರು ಬೆರಳಿಟ್ಟು ತೋರಿಸಿದ ಚಿತ್ರಗಳನ್ನೆಲ್ಲ ಬರೆದವನು ಅವನು. ಒಂದು ದಿನ ಯಾರೋ ಪುಸ್ತಕದಲ್ಲಿ ಒಂದು ಹುಲಿಯನ್ನು ತೋರಿಸಿದರು. ಅದು ಅವನ ಅಜ್ಜನ ಬೆನ್ನಿನ ಮೇಲಿದ್ದ ಹುಲಿ; ಬಾಲ್ಯದಲ್ಲಿ ದೋಣಿಯ ಹಿಂಬದಿಯಲ್ಲಿ ಕುಳಿತು ಅದರ ಪಟ್ಟೆಗಳನ್ನು ಅವನು ಬೆರಳಿನಿಂದ ತಿದ್ದುತ್ತಿದ್ದ. ಹುಲಿಯನ್ನು ತಪ್ಪಿಲ್ಲದೆ ಬರೆದ; ಅದರ ಸುತ್ತಲಿನ ಅಕ್ಷರಗಳಲ್ಲಿ ಒಂದನ್ನೂ ಓದಲಾರದೆ ಹೋದ. ಮರುದಿನವೇ ಅಂಗಡಿ ಬಿಟ್ಟು ಈ ಮನೆಗೆ ಬಂದ. ಮೂರು ವರ್ಷಗಳಲ್ಲಿ ಮಂತ್ರ ಕಲಿತ, ಮಸಿ ತೇಯ್ದ, ಗುರುಗಳು ಚುಚ್ಚುವಾಗ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದ. ಸೂಜಿ ಮಾತ್ರ ಅವನಿಗೆ ದೊರೆತಿರಲಿಲ್ಲ. ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: "ಇನ್ನೂ ಇಲ್ಲ."

"ಸಕ್ದಾ, ನನ್ನ ಕೈ ಯಾವಾಗಿಂದ ನಡುಗ್ತಿದೆ?"

ಅವನು ತಲೆ ಎತ್ತಲಿಲ್ಲ. "ಎರಡು ಮಳೆಗಾಲ ಆಯ್ತು, ಆಚಾನ್."

"ನೀನೇನು ಮಾಡ್ತಿದ್ದೆ?"

"ಸೂಜಿ ಎಡಕ್ಕೆ ಜಾರಿದ್ರೆ ಚರ್ಮಾನೂ ಎಡಕ್ಕೆ ಎಳೀತಿದ್ದೆ. ತಪ್ಪಾಯ್ತು. ನನ್ನನ್ನ ಕಳಿಸಿಬಿಡಬೇಡಿ."

"ನನಗ್ಯಾಕೆ ಹೇಳಲಿಲ್ಲ?"

"ನಿಮ್ಮ ಮಂತ್ರ ನಡುಗಿರಲಿಲ್ಲ."

ಪ್ರಯೂನ್ ಇಬ್ಬರನ್ನೂ ನೋಡಿದ. "ಹಾಗಾದ್ರೆ ನನ್ನ ಐದು ಸಾಲು ಬರೆದವರು ಯಾರು, ಸ್ವಾಮಿ?"

"ಬಾಯ್ಮುಚ್ಚಿಕೊಂಡು ಕೂತ್ಕೋ," ಎಂದರು ಆಚಾನ್. "ಬರೆದದ್ದನ್ನ ಅಳಿಸೋ ಹಾಗಿಲ್ಲ. ಬಲಭುಜಕ್ಕೆ ಇನ್ನೊಂದು ಬರೆಯೋಣ."

ಅವರು ಎದ್ದು, ಪೀಠದ ಮೇಲಿದ್ದ ಋಷಿಯ ಮುಖವಾಡವನ್ನು ಎರಡೂ ಕೈಗಳಿಂದ ತೆಗೆದುಕೊಂಡರು. ಗುರುವು ಅದನ್ನು ಶಿಷ್ಯನ ತಲೆಯ ಮೇಲಿಡುವುದು ಜೀವಮಾನದಲ್ಲಿ ಒಮ್ಮೆ, ಸೂಜಿ ಒಪ್ಪಿಸುವ ದಿನ. ಸಕ್ದಾ ಮಸಿ ಮೆತ್ತಿದ ಕೈಗಳನ್ನೇ ಜೋಡಿಸಿದ. ಮಂತ್ರ ಮುಗಿಯಿತು. ಮೊಳದುದ್ದದ ಉಕ್ಕಿನ ಸೂಜಿ ಅವನ ಅಂಗೈಗೆ ಬಂತು.

"ಚರ್ಮ ಹಿಡಿಯೋಕೆ ಯಾರನ್ನ ಕರೀಲಿ, ಆಚಾನ್?"

ಆಚಾನ್ ಮೊಣಕಾಲನ್ನು ಮೆಲ್ಲನೆ ಮಡಿಸಿ, ಮೂರು ವರ್ಷ ಸಕ್ದಾ ಕುಳಿತಿದ್ದ ಜಾಗದಲ್ಲಿ ಕುಳಿತು, ಪ್ರಯೂನನ ಬಲಭುಜದ ಮೇಲೆ ಎರಡೂ ಅಂಗೈಗಳನ್ನು ಒತ್ತಿ ಹಿಡಿದರು.

ಸಾವಿರ ಬೆನ್ನುಗಳನ್ನು ಕಂಡ ಸಕ್ದಾನ ಕೈ ಆ ಮೊದಲ ಗೆರೆಗೆ ನಡುಗಿತು. ಸೂಜಿ ಕೂದಲೆಳೆಯಷ್ಟು ಎಡಕ್ಕೆ ಜಾರಿತು. ಅದರ ಕೆಳಗೆ ಚರ್ಮವೂ ಕೂದಲೆಳೆಯಷ್ಟು ಎಡಕ್ಕೆ ಸರಿಯಿತು. ಗೆರೆ ನೆಟ್ಟಗೆ ಬಂತು.

ಕೇಳಿದವರಿಗೆಲ್ಲ ಕ್ಷೇಮವಾಗಲಿ, ನಡುಗುವ ಕೈ ಯಾವುದೂ ಒಂಟಿಯಾಗದಿರಲಿ.